ಎಂಬಿಬಿಎಸ್ ಸೀಟು: ಕೆಇಎಯೋ, ಎಂಸಿಸಿಯೋ?
ನೀಟ್ ಒಂದೇ, ಕೌನ್ಸೆಲಿಂಗ್ ಎರಡು. ಕರ್ನಾಟಕದ ಸರ್ಕಾರಿ ಕಾಲೇಜುಗಳ 85% ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೈಯಲ್ಲಿ, 15% ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಕೈಯಲ್ಲಿ. ಏಮ್ಸ್, ಜಿಪ್ಮರ್, ಡೀಮ್ಡ್ ವಿಶ್ವವಿದ್ಯಾಲಯಗಳೂ ಎಂಸಿಸಿಯವೇ.

ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಅಥವಾ ಹಳ್ಳಿ ಶಾಲೆಯಲ್ಲಿ ಓದಿದವರು, ಕಲ್ಯಾಣ ಕರ್ನಾಟಕದವರಿಗೆ ಸಿಗುವ 371ಜೆ ಪ್ರಮಾಣಪತ್ರ ಉಳ್ಳವರು ಕೆಇಎಯನ್ನೇ ಮೊದಲು ನೆಚ್ಚಬೇಕು. ಆ ಮೀಸಲಾತಿಗಳು ಎಂಸಿಸಿಯಲ್ಲಿ ಇಲ್ಲವೇ ಇಲ್ಲ. ಹೆಚ್ಚಿನವರು ಎಡವುವುದು ಜಾತಿ ಪತ್ರದಲ್ಲಿ: ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಬಿ ಪತ್ರ ಕೆಇಎಗೆ ಸಾಕು, ಎಂಸಿಸಿ ಕೇಳುವುದು ಕೇಂದ್ರ ನಮೂನೆಯ ಒಬಿಸಿ ಪತ್ರ. ಫಲಿತಾಂಶಕ್ಕೆ ಮೊದಲೇ ನಾಡಕಚೇರಿಗೆ ಅರ್ಜಿ ಹಾಕಿ.

ಡೀಮ್ಡ್‌ಗೆ 2 ಲಕ್ಷ ರೂಪಾಯಿ ಠೇವಣಿ ಬೇಕು. ಮೊದಲ ಸುತ್ತಿನ ಸೀಟು ಬಿಟ್ಟರೆ ನಷ್ಟವಿಲ್ಲ. ಎರಡನೆಯದರಲ್ಲಿ ಸಿಕ್ಕಿಯೂ ಸೇರದಿದ್ದರೆ ಠೇವಣಿ ಹೋಗುತ್ತದೆ. ನಮ್ಮ ಸಲಹೆ: ಎರಡಕ್ಕೂ ನೋಂದಾಯಿಸಿ.