ಮೂರು ಹಳೇ ಕಂಪ್ಯೂಟರ್, ಒಂದೇ ವಿಮಾನ: ಫ್ಲೈಟ್‌ಗಿಯರ್ ಬಳಸಿ ನೋಡಿದೆ

ಮಂಗಳೂರಿನ 24ನೇ ರನ್‌ವೇಯಿಂದ ಸೆಸ್ನಾ 172 ಮೇಲೇರಿತು. ಎದುರಿನ ಪರದೆಯಲ್ಲಿ ಸಮುದ್ರ. ವಿಮಾನವನ್ನು ಎಡಕ್ಕೆ ವಾಲಿಸಿದೆ. ಎಡಗಡೆ ಪರದೆಯಲ್ಲಿ ನೆಲ ಎದ್ದು ಬಂತು, ಬಲಗಡೆ ಬರೀ ಆಕಾಶ. ಮೂರೂ ಪರದೆ ಒಂದೇ ಕಿಟಕಿಯ ಹಾಗೆ ಒಟ್ಟಿಗೆ ತಿರುಗಿದವು. ಇದಕ್ಕಾಗಿ ಎರಡು ವಾರ ಸಂಜೆಗಳನ್ನು ಕೊಟ್ಟಿದ್ದೆ.

ಫ್ಲೈಟ್‌ಗಿಯರ್ 1997ರಿಂದ ಸ್ವಯಂಸೇವಕರು ಕಟ್ಟುತ್ತಾ ಬಂದಿರುವ, ಕಂಪ್ಯೂಟರ್‌ನಲ್ಲೇ ವಿಮಾನ ಹಾರಿಸುವ ಸಿಮ್ಯುಲೇಟರ್. ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಚಂದದ ಚಿತ್ರವೇ ಮುಖ್ಯ ಅನ್ನುವವರಿಗೆ ಇದು ಬೇಡ. ನಮ್ಮ ಕಡೆಯ ಗುಡ್ಡ, ನದಿ ಗುರುತು ಸಿಗುತ್ತವೆ, ಕಟ್ಟಡಗಳು ಸುಮಾರು. ನಾನು ಪಾಲಿಟೆಕ್ನಿಕ್‌ನಲ್ಲಿ ನೆಟ್‌ವರ್ಕಿಂಗ್ ಪಾಠ ಮಾಡುವವನು. ಕೆಲಸವನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚಬಹುದು ಅನ್ನೋದೇ ನನ್ನನ್ನು ಹಿಡಿದಿಟ್ಟಿತು.

ನಡುವಿನ ಕಂಪ್ಯೂಟರ್ ಮಾತ್ರ ನಿಜವಾಗಿ ವಿಮಾನ ಹಾರಿಸುತ್ತದೆ. ಅದರೊಳಗಿನ ಜೆಎಸ್‌ಬಿಸಿಮ್ ಅನ್ನೋ ಹಾರಾಟದ ಲೆಕ್ಕದ ಪ್ರೋಗ್ರಾಂ ರೆಕ್ಕೆಯ ಎತ್ತುವ ಬಲ, ತೂಕ, ಎಂಜಿನ್ ಎಳೆತ ಎಲ್ಲವನ್ನೂ ಸೆಕೆಂಡಿಗೆ 120 ಸಲ ಲೆಕ್ಕ ಹಾಕುತ್ತದೆ. ವಿಮಾನ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಮೂಗು ಯಾವ ಕಡೆಗಿದೆ ಅನ್ನೋದನ್ನು ಸೆಕೆಂಡಿಗೆ 60 ಸಲ ಯುಡಿಪಿ ಅನ್ನೋ ನೆಟ್‌ವರ್ಕ್ ವಿಧಾನದ ಪ್ಯಾಕೆಟ್‌ನಲ್ಲಿ (ಮಾಹಿತಿಯ ಸಣ್ಣ ಕಟ್ಟು) ಅಕ್ಕಪಕ್ಕದವಕ್ಕೆ ಕಳಿಸುವ ಹಾಗೆ ಹೊಂದಿಸಿದೆ. ಅವು ಹಾರಾಟದ ಲೆಕ್ಕ ಮಾಡುವುದಿಲ್ಲ. ಹೇಳಿದ ಜಾಗದಿಂದ ಕಾಣುವುದನ್ನು ಬಿಡಿಸುತ್ತವೆ, ಅಷ್ಟೇ. ಅದಕ್ಕೇ ಹಳೇ ಡೆಸ್ಕ್‌ಟಾಪ್ ಸಾಕಾಯಿತು.

ಯುಡಿಪಿಯಲ್ಲಿ ಪ್ಯಾಕೆಟ್ ಕಳೆದುಹೋದರೆ ಮತ್ತೆ ಬರುವುದಿಲ್ಲ. ಇಲ್ಲಿ ಅದೇ ಸರಿ. ವಿಮಾನ ಆಗಲೇ ಮುಂದೆ ಹೋಗಿದೆ, ಹಳೇ ಜಾಗದ ಸುದ್ದಿ ಯಾರಿಗೆ ಬೇಕು ಅಲ್ವಾ? ಬೋರ್ಡಿನ ಮೇಲೆ ಎಷ್ಟು ಬರೆದರೂ ತಲೆಗೆ ಹೋಗದ ಈ ಮಾತು ಮಕ್ಕಳಿಗೆ ಇಲ್ಲಿ ಕಣ್ಣೆದುರೇ ಕಂಡಿತು.

ತೊಂದರೆಯೂ ಆಯಿತು. ಮೊದಲ ದಿನ ನಡುವಿನ ವಿಮಾನ ಹಾರಿತು, ಬಲಗಡೆಯದು ರನ್‌ವೇ ಬಿಟ್ಟು ಕದಲಲಿಲ್ಲ. ಪ್ಯಾಕೆಟ್‌ನೊಳಗೆ ಒಂದು ವರ್ಷನ್ ಸಂಖ್ಯೆ ಇರುತ್ತದೆ. ಅದು ಹೊಂದದಿದ್ದರೆ ಆ ಕಡೆ ಸ್ವೀಕರಿಸುವುದೇ ಇಲ್ಲ. ಆ ಒಂದು ಕಂಪ್ಯೂಟರ್‌ಗೆ ನಾನು ತುಂಬ ಹಳೇ ಆವೃತ್ತಿ ಹಾಕಿದ್ದೆ. ಎಲ್ಲದಕ್ಕೂ ಒಂದೇ ಆವೃತ್ತಿ ಹಾಕಿ. ವೈಫೈ ಬೇಡ, ಕೇಬಲ್ ಎಳೆಯಿರಿ. ವೈಫೈಯಲ್ಲಿ ಪಕ್ಕದ ಪರದೆಗಳು ತಡೆದು ತಡೆದು ಓಡಿದವು.

ನಿಜವಾದ ಕೊರತೆ ಮೋಡಗಳದ್ದು. ಆ ಪ್ಯಾಕೆಟ್‌ನಲ್ಲಿ ಮೋಡದ ಸುದ್ದಿ ಇಲ್ಲ. ಎಡ ಪರದೆಯ ಮೋಡ ನಡುವಿನ ಪರದೆಗೆ ಬರುವಷ್ಟರಲ್ಲಿ ಮಾಯ! ಸದ್ಯ ನಾನು ತಿಳಿ ಆಕಾಶದಲ್ಲೇ ಹಾರಿಸುತ್ತೇನೆ. ಮಳೆಗಾಲದ ಮಂಗಳೂರು ನೋಡುವ ಆಸೆ ಹಾಗೇ ಉಳಿದಿದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಪ್ರಾಪರ್ಟಿ ಟ್ರೀ. ಇಂಧನ, ಫ್ಲಾಪ್, ಗಾಳಿ, ಎಲ್ಲಕ್ಕೂ ಫೋಲ್ಡರ್ ಥರ ಒಂದೊಂದು ವಿಳಾಸ. ಯಾವ ವಿಳಾಸದ ಸಂಖ್ಯೆ ಎಷ್ಟು ಸಲ ಹೋಗಬೇಕು ಅಂತ ನೀವೇ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಬರೆದು, ಬೇರೆ ಕಂಪ್ಯೂಟರ್‌ಗೋ ಆರ್ಡುಯಿನೋ ಅನ್ನೋ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೋ ಕಳಿಸಬಹುದು. ಮೊಬೈಲ್ ಬ್ರೌಸರ್‌ನಿಂದಲೂ ಇವನ್ನು ಬದಲಿಸಬಹುದು. ಕಳೆದ ಶನಿವಾರ ಒಬ್ಬ ಹುಡುಗ ಹಾರಿಸುತ್ತಿದ್ದ. ಹಿಂದಿನ ಬೆಂಚಿನ ಹುಡುಗಿ ಸುಮ್ನೆ ಮೊಬೈಲ್ ನೋಡುತ್ತಿದ್ದವಳು, ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋದ ಸಂಖ್ಯೆಯನ್ನು 3ರಿಂದ 0ಗೆ, ಅಂದರೆ ಆಫ್‌ಗೆ, ಇಳಿಸಿದಳು. ಎಂಜಿನ್ ನಿಂತಿತು. ಲ್ಯಾಬ್ ನಿಶ್ಶಬ್ದವಾಯಿತು. ಅವನು ಮೂಗು ತಗ್ಗಿಸಿ, ವೇಗ ಉಳಿಸಿಕೊಂಡು, ಬಯಲು ಹುಡುಕತೊಡಗಿದ.