ಪ್ರಾಗ್‌ಗೋ, ಬುಡಾಪೆಸ್ಟ್‌ಗೋ?
ವಸಂತದ ರಜೆ ಒಂದೇ ವಾರ, ಜೇಬೂ ಹಗುರ ಎಂದಾದರೆ ನನ್ನ ಮತ ಬುಡಾಪೆಸ್ಟ್‌ಗೆ. ಪ್ರಾಗ್ ಚೆಲುವಾದ ಊರು, ನಿಜ. 1357ರಲ್ಲಿ ಕಟ್ಟಲಾರಂಭಿಸಿದ ಚಾರ್ಲ್ಸ್ ಸೇತುವೆ ದಾಟಲು ಕಾಸು ಬೇಡ. ಆದರೆ ಈಸ್ಟರ್ ಹೊತ್ತಿಗೆ ಅಲ್ಲಿ ಜಾತ್ರೆಯ ನೂಕುನುಗ್ಗಲು. ಹಳೇ ಪಟ್ಟಣದ ಚೌಕದಲ್ಲಿ ಊಟಕ್ಕೆ ಕುಳಿತರಂತೂ ಜೇಬಿಗೆ ಕತ್ತರಿ.

ಬುಡಾಪೆಸ್ಟ್‌ನಲ್ಲಿ 2ನೇ ನಂಬರಿನ ಟ್ರಾಮ್ ಹತ್ತಿ ಕಿಟಕಿ ಪಕ್ಕ ಕುಳಿತರೆ ಸಾಕು: ಡ್ಯಾನ್ಯೂಬ್, ಸಂಸತ್ ಭವನ, ಆಚೆ ದಡದ ಕೋಟೆ, ಎಲ್ಲವೂ ಒಂದು ಮಾಮೂಲಿ ಟಿಕೆಟ್ಟಿನಲ್ಲಿ. ಹಸಿವಾದರೆ ಲಾಂಗೋಶ್ ಇದೆ. ನಮ್ಮ ಭಟೂರೆಯ ದೊಡ್ಡಣ್ಣನಂಥದ್ದು. ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ತುರಿದ ಚೀಸ್, ತಿಂದು ಮುಗಿಸುವಷ್ಟರಲ್ಲಿ ಬೆರಳೆಲ್ಲ ಎಣ್ಣೆ. ಸೆಚೆನಿ ಸ್ನಾನಗೃಹದ ಬಿಸಿನೀರಿನ ಸ್ನಾನ ಮಾತ್ರ ದುಬಾರಿ.

ಎರಡೂ ಕಡೆ ಯೂರೋ ಅಲ್ಲ, ಪ್ರಾಗ್‌ನಲ್ಲಿ ಕೊರುನಾ, ಬುಡಾಪೆಸ್ಟ್‌ನಲ್ಲಿ ಫೋರಿಂಟ್. ನಿಮ್ಮ ಕರೆನ್ಸಿಯಲ್ಲೇ ಕಡಿತ ಮಾಡಲೇ ಎಂದು ಎಟಿಎಂ ಕೇಳಿದರೆ ಬೇಡವೆನ್ನಿ.