ಎಲೆಯ ಫೋಟೊ ನೋಡಿ ರೋಗ ಹೇಳುವ ಆ್ಯಪ್: ಒಂದು ಬೆಳೆಯ ಅವಧಿಯ ಬಳಕೆಯ ನಂತರ

ಎಲೆಯ ಫೋಟೊ ತೆಗೆದು ಕಳುಹಿಸಿದರೆ ಕೆಲವೇ ಕ್ಷಣಗಳಲ್ಲಿ ರೋಗದ ಹೆಸರನ್ನೂ ಔಷಧವನ್ನೂ ತಿಳಿಸುವ ಮೊಬೈಲ್ ಆ್ಯಪ್ ಒಂದನ್ನು ಟೊಮೆಟೊ ಬೆಳೆಯ ಪೂರ್ತಿ ಅವಧಿಯಲ್ಲಿ ಬಳಸಿ ನೋಡಿದ್ದೇನೆ. ಲಕ್ಷಣ ಸ್ಪಷ್ಟವಾಗಿದ್ದಾಗ ಅದು ನಿಜಕ್ಕೂ ಚುರುಕು. ಒಂದರೊಳಗೊಂದು ಉಂಗುರಗಳಿರುವ ಕಂದು ಮಚ್ಚೆಗಳನ್ನು ಆಲ್ಟರ್ನೇರಿಯಾ ಶಿಲೀಂಧ್ರದಿಂದ ಬರುವ ಅಂಗಮಾರಿಯೆಂದು ಪ್ರತಿ ಸಲವೂ ಸರಿಯಾಗಿಯೇ ಗುರುತಿಸಿತು.

ತೊಡಕು ಶುರುವಾದದ್ದು ಹಳದಿ ಎಲೆಗಳಿಂದ. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದ ಎಲೆಗೆ ಆ್ಯಪ್ ಒಂದು ದಿನ ನಂಜುರೋಗ ಎಂದಿತು; ಮರುದಿನ ಅದೇ ಎಲೆಗೆ, ಬೆಳಕು ಬದಲಾದದ್ದರಿಂದಲೋ ಏನೋ, ಕಬ್ಬಿಣದ ಕೊರತೆ ಎಂದಿತು. ಎಲೆಯನ್ನು ಪರೀಕ್ಷೆ ಮಾಡಿಸಿದಾಗ ತಿಳಿದದ್ದು ಮೆಗ್ನೀಸಿಯಂ ಕೊರತೆ. ಮೆಗ್ನೀಸಿಯಂ ಗಿಡದೊಳಗೆ ಸುಲಭವಾಗಿ ಚಲಿಸುವುದರಿಂದ, ಅದು ಸಾಲದಾದಾಗ ಗಿಡವು ಹಳೆಯ ಎಲೆಗಳಲ್ಲಿರುವುದನ್ನು ತೆಗೆದು ಎಳೆಯ ಎಲೆಗಳಿಗೆ ಸಾಗಿಸುತ್ತದೆ. ಕಬ್ಬಿಣ ಹಾಗೆ ಚಲಿಸದ ಕಾರಣ ಅದರ ಕೊರತೆ ಮೊದಲು ಕಾಣುವುದು ಚಿಗುರಿನಲ್ಲಿ. ಹಾಗಾಗಿ ಹಳದಿಯಾದ ಎಲೆ ಗಿಡದ ಬುಡದಲ್ಲಿದೆಯೋ ತುದಿಯಲ್ಲಿದೆಯೋ ಎಂಬ ಒಂದು ಪ್ರಶ್ನೆ ಕೇಳಿದ್ದರೂ ಇವೆರಡನ್ನು ಬೇರ್ಪಡಿಸಬಹುದಿತ್ತು. ಆ್ಯಪ್ ಅದನ್ನು ಒಮ್ಮೆಯೂ ಕೇಳಲಿಲ್ಲ.

ಇಂಥ ತಂತ್ರಾಂಶಗಳ ದೌರ್ಬಲ್ಯ ಹೊಸ ಸಂಗತಿಯಲ್ಲ. ಪ್ಲಾಂಟ್‌ವಿಲೇಜ್ ಎಂಬ ಎಲೆಚಿತ್ರಗಳ ಸಂಗ್ರಹದ 54,306 ಚಿತ್ರಗಳಿಂದ ಯಂತ್ರಕ್ಕೆ ಕಲಿಸಿದ, 2016ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಅದೇ ಸಂಗ್ರಹದಿಂದ ಬದಿಗಿಟ್ಟಿದ್ದ ಚಿತ್ರಗಳ ಮೇಲೆ ನಿಖರತೆ ಶೇ 99.35ರಷ್ಟಿತ್ತು, ಬೇರೆ ಸನ್ನಿವೇಶಗಳಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಸುಮಾರು ಶೇ 31ಕ್ಕೆ ಕುಸಿಯಿತು. ಕಿತ್ತು ಒಂದೇ ಬಣ್ಣದ ಹಿನ್ನೆಲೆಯ ಮೇಲಿಟ್ಟ ಎಲೆಗಳಿಂದ ಕಲಿತ ಯಂತ್ರಕ್ಕೆ ನೆರಳು, ಮಣ್ಣು, ಪಕ್ಕದ ಕಳೆ ಎಲ್ಲವೂ ಅಪರಿಚಿತ.

ಚಿತ್ರಗಳಿಂದ ಯಂತ್ರ ಕಲಿಯುವ ಇದೇ ವಿಧಾನ ಕಣ್ಣಿನ ತಪಾಸಣೆಗೂ ಬಂದಿದೆ. ವೈದ್ಯರು ಚಿತ್ರವನ್ನು ನೋಡಿ ಅರ್ಥೈಸದೆಯೇ ಮಧುಮೇಹಿಗಳ ಅಕ್ಷಿಪಟಲದ (ರೆಟಿನಾ) ಹಾನಿಯನ್ನು ಪತ್ತೆಹಚ್ಚಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಏಪ್ರಿಲ್‌ನಲ್ಲಿ ಅನುಮತಿ ನೀಡಿದ ಐಡಿಎಕ್ಸ್-ಡಿಆರ್ ವ್ಯವಸ್ಥೆಯನ್ನು 900 ಮಧುಮೇಹಿಗಳ ಮೇಲೆ, ತಜ್ಞರ ಆಸ್ಪತ್ರೆಯಲ್ಲಲ್ಲದೆ ಪ್ರಾಥಮಿಕ ಚಿಕಿತ್ಸಾಲಯಗಳಲ್ಲೇ, ಅಂದರೆ ಅದು ಮುಂದೆ ದುಡಿಯಬೇಕಾದ ಜಾಗದಲ್ಲೇ, ಪರೀಕ್ಷಿಸಲಾಗಿತ್ತು. ಚಿತ್ರ ಮಸುಕಾಗಿದ್ದರೆ ಅದು ಫಲಿತಾಂಶ ಕೊಡದೆ ಮತ್ತೊಮ್ಮೆ ತೆಗೆಯಲು ಹೇಳುತ್ತದೆ. ಹಾನಿ ಕಂಡರೆ ಔಷಧ ಬರೆಯದೆ ನೇತ್ರತಜ್ಞರ ಬಳಿಗೆ ಕಳುಹಿಸುತ್ತದೆ. ನನ್ನ ಆ್ಯಪ್‌ಗೆ ಈ ಸಂಕೋಚವಿಲ್ಲ. ಪರೀಕ್ಷಿಸಲೆಂದೇ ಒಮ್ಮೆ ಗೋಣಿಚೀಲದ ಫೋಟೊ ಕಳುಹಿಸಿದೆ. ಅದಕ್ಕೂ ಒಂದು ಅಂಗಮಾರಿ ಬಂದಿತ್ತು.

ನಗು ಬಂದರೂ ಇದು ನಗುವ ವಿಷಯವಲ್ಲ, ಏಕೆಂದರೆ ಪ್ರತಿ ಉತ್ತರದ ಕೆಳಗೂ ಸಿಂಪಡಿಸಬೇಕಾದ ಔಷಧದ ಹೆಸರಿರುತ್ತದೆ. ಕೊರತೆಯನ್ನು ರೋಗವೆಂದು ತಿಳಿದು ಶಿಲೀಂಧ್ರನಾಶಕ ಹೊಡೆದರೆ ಎಲೆ ಹಸಿರಾಗುವುದಿಲ್ಲ; ಅನಗತ್ಯ ಸಿಂಪಡಣೆ ಮರುಕಳಿಸಿದಷ್ಟೂ ಔಷಧಕ್ಕೆ ಜಗ್ಗದ ಶಿಲೀಂಧ್ರಗಳು ಉಳಿದು ಹೆಚ್ಚುತ್ತವೆ. ಸುಸ್ಥಿರ ಕೃಷಿಯ ಸಾಧನವೆಂದು ಹೇಳಿಕೊಳ್ಳುವ ಆ್ಯಪ್, ಹವಾಮಾನವನ್ನೂ ಎಲೆಯ ಸ್ಥಾನವನ್ನೂ ವಿಚಾರಿಸುವ ಮೊದಲೇ ಔಷಧದ ಪುಟ ತೆರೆಯುವುದು ನನಗೆ ಒಪ್ಪಿತವಲ್ಲ.

ಆದರೂ ಅದನ್ನು ಫೋನಿನಿಂದ ತೆಗೆದುಹಾಕಿಲ್ಲ. ಕಳುಹಿಸಿದ ಚಿತ್ರಗಳನ್ನೆಲ್ಲ ಅದು ದಿನಾಂಕದೊಂದಿಗೆ ಸಾಲಾಗಿ ಜೋಡಿಸಿಡುತ್ತದೆ; ಮಚ್ಚೆ ಎಷ್ಟು ದಿನದಲ್ಲಿ ಎಷ್ಟು ಹರಡಿತು ಎಂಬುದನ್ನು ಕೃಷಿ ತಜ್ಞರಿಗೆ ತೋರಿಸಲು ಆ ಸಾಲು ಬಹಳ ಅನುಕೂಲವಾಯಿತು.